ಸೋಲಾರ್ ಕರೆಂಟಿನ ಜಾತಕ ಬರೆಯುವುದು ಹೇಗೆ?

ತಾರಸಿ ಮೇಲಿನ ಸೋಲಾರ್ ಪ್ಯಾನಲ್ ಹೊಗೆ ಬಿಡುವುದಿಲ್ಲ, ನಿಜ. ಆದರೆ ಅದೇನು ಗಿಡದಲ್ಲಿ ಬಿಟ್ಟಿದ್ದಲ್ಲ ಅಲ್ವಾ? ಕಲ್ಲು ಕರಗಿಸಿ, ಗಾಜು ಕಾಯಿಸಿ, ಹಡಗಿನಲ್ಲಿ ಹೇರಿ ತಂದದ್ದು. ಅದೆಲ್ಲದರ ಹೊಗೆ ಕೂಡಿಸಿದರೆ ಒಂದು ಯೂನಿಟ್ ಕರೆಂಟಿನ ಪಾಲಿಗೆ ಎಷ್ಟು ಬರುತ್ತದೆ? ಇದನ್ನು ಅಳೆಯುವ ವಿಧಾನವೇ ಜೀವನಚಕ್ರ ಮೌಲ್ಯಮಾಪನ, ಚಿಕ್ಕದಾಗಿ ಎಲ್‌ಸಿಎ. ಐಎಸ್‌ಒ 14040 ಮತ್ತು 14044 ಇದಕ್ಕಿರುವ ಮಾನದಂಡಗಳು. ಮನೆಯ 3 ಕಿಲೋವಾಟ್ ಸೋಲಾರ್ ಇಟ್ಟುಕೊಂಡು ನಾವೇ ಒಂದು ಅಂದಾಜು ಹಾಕೋಣ.

1. ಅಳತೆ ಗೊತ್ತುಮಾಡಿ
ಪ್ಯಾನಲ್‌ಗೆ ಎಷ್ಟು ಹೊಗೆ ಅಂತ ಕೇಳಬೇಡಿ. ಯೂನಿಟ್‌ಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಅಂತ ಕೇಳಿ. ಆಗಲೇ ಕಲ್ಲಿದ್ದಲು, ಗಾಳಿ, ನೀರಿನ ಜೊತೆ ಹೋಲಿಸಬಹುದು.

2. ಗಡಿ ಎಳೆಯಿರಿ
ತೊಟ್ಟಿಲಿಂದ ಚಟ್ಟದವರೆಗೆ ಎಲ್ಲವೂ ಒಳಗಿರಲಿ: ಬೆಣಚುಕಲ್ಲಿನ ಗಣಿ, ಆ ಕಲ್ಲಿನಿಂದ ತೆಗೆಯುವ ಸಿಲಿಕಾನ್, ಪ್ಯಾನಲ್, ಸಾಗಣೆ, ಸ್ಟ್ಯಾಂಡ್, ವೈರು, ಕೊನೆಗೆ ಗುಜರಿ. ಪ್ಯಾನಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಇನ್ವರ್ಟರ್ ಮರೆಯುವವರೇ ಜಾಸ್ತಿ. ಪ್ಯಾನಲ್ 30 ವರ್ಷ ಬಾಳಿದರೆ ಇನ್ವರ್ಟರ್ ಸುಮಾರು 15 ವರ್ಷ. ಅಂದರೆ ಲೆಕ್ಕದಲ್ಲಿ ಎರಡು ಇನ್ವರ್ಟರ್ ಬರಬೇಕು. ಬ್ಯಾಟರಿ ಇದ್ದರೆ ಅದೂ ಸೇರಲಿ.

3. ಹೊಗೆ ಕೂಡಿಸಿ
ಹೆಚ್ಚು ಹೊಗೆ ಬರುವುದು ಸಿಲಿಕಾನಿನಿಂದ. ಬೆಣಚುಕಲ್ಲನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಬೇಕು, ಆಮೇಲೆ 1,000 ಡಿಗ್ರಿ ದಾಟಿದ ಕಾವಿನಲ್ಲಿ ಶುದ್ಧ ಮಾಡಬೇಕು. ಆ ಕಾರ್ಖಾನೆಗೆ ಕರೆಂಟು ಎಲ್ಲಿಂದ ಬಂತು ಅನ್ನುವುದೇ ಇಲ್ಲಿ ಮುಖ್ಯ. ಜಗತ್ತಿನ ಬಹುಪಾಲು ಸಿಲಿಕಾನ್ ಚೀನಾದಲ್ಲಿ ತಯಾರಾಗುತ್ತದೆ, ಅಲ್ಲಿ ಕಲ್ಲಿದ್ದಲ ಕರೆಂಟೇ ಹೆಚ್ಚು. ಜಲವಿದ್ಯುತ್ತಿನಲ್ಲಿ ಮಾಡಿದ ಪ್ಯಾನಲ್ ನೋಡಲು ಹಾಗೇ ಇರುತ್ತದೆ, ಅದರ ಲೆಕ್ಕ ಮಾತ್ರ ಬೇರೆ. ಸದ್ಯಕ್ಕೆ ಎಲ್ಲ ಸೇರಿ ಕಿಲೋವಾಟ್‌ಗೆ 1,500 ಕೆ.ಜಿ. ಅಂತ ಇಟ್ಟುಕೊಳ್ಳೋಣ. ನಮ್ಮ 3 ಕಿಲೋವಾಟ್‌ಗೆ 4,500 ಕೆ.ಜಿ.

4. ಭಾಗಿಸಿ
ಆಟವೆಲ್ಲ ಇರುವುದು ಇಲ್ಲೇ. ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ ಅಂದುಕೊಳ್ಳಿ. ಮೂರಕ್ಕೆ 4,200. ಪ್ಯಾನಲ್ ವರ್ಷಕ್ಕೆ ಅರ್ಧ ಪರ್ಸೆಂಟಿನಷ್ಟು ಸೊರಗುತ್ತದೆ. ಅದನ್ನು ಕಳೆದರೆ 30 ವರ್ಷಕ್ಕೆ ಸುಮಾರು 1.17 ಲಕ್ಷ ಯೂನಿಟ್. ಭಾಗಿಸಿದರೆ ಯೂನಿಟ್‌ಗೆ 38 ಗ್ರಾಂ. ಇದೇ ಪ್ಯಾನಲನ್ನು ಕಿಲೋವಾಟ್‌ಗೆ ವರ್ಷಕ್ಕೆ 1,000 ಯೂನಿಟ್ ಮಾತ್ರ ಸಿಗುವ ಊರಿನಲ್ಲಿ ಕೂರಿಸಿ, 54 ಗ್ರಾಂ ಆಗುತ್ತದೆ. ನಮ್ಮಲ್ಲೇ ಇಟ್ಟು 20 ವರ್ಷಕ್ಕೆ ಕಿತ್ತೆಸೆಯಿರಿ, 56. ಆಯುಷ್ಯ ಎಷ್ಟು, ಬಿಸಿಲು ಎಷ್ಟು ಅಂತ ಹೇಳದ ವರದಿಯನ್ನು ನಾನಂತೂ ಪಕ್ಕಕ್ಕಿಡುತ್ತೇನೆ.

5. ಹೋಲಿಸಿ
ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಯೂನಿಟ್‌ಗೆ ಕೊಟ್ಟ ನಡುವಣ ಅಂಕಿಗಳು ಹೀಗಿವೆ: ಕಲ್ಲಿದ್ದಲು 820 ಗ್ರಾಂ, ತಾರಸಿ ಸೋಲಾರ್ 41, ಜಲವಿದ್ಯುತ್ 24, ನೆಲದ ಮೇಲಿನ ಗಾಳಿಯಂತ್ರ 11. ಭಾರತದ ಗ್ರಿಡ್ಡಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಕೊಡುವ ಲೆಕ್ಕ ಸುಮಾರು 700 ಗ್ರಾಂ. ಆದರೆ ಇದು ಸ್ಥಾವರದ ಚಿಮಣಿಯ ಹೊಗೆ ಮಾತ್ರ. ಕಲ್ಲಿದ್ದಲು ಗಣಿ, ಅದನ್ನು ಹೊತ್ತ ರೈಲು ಇದರಲ್ಲಿಲ್ಲ. ಸೋಲಾರಿಗೆ ಪೂರ್ತಿ ಜಾತಕ, ಗ್ರಿಡ್ಡಿಗೆ ಅರ್ಧ ಜಾತಕ! ಹಾಗಿದ್ದರೂ ಸೋಲಾರಿನ ಪ್ರತಿ ಯೂನಿಟ್ ಗ್ರಿಡ್ಡಿನ 700 ಗ್ರಾಂ ತಪ್ಪಿಸುತ್ತದೆ ಅಂತ ಹಿಡಿದರೆ ನಮ್ಮ 4,500 ಕೆ.ಜಿ. ಸಾಲ ಒಂದೂವರೆ ವರ್ಷದಲ್ಲಿ ತೀರುತ್ತದೆ.

6. ಹೊಗೆಯಾಚೆ ನೋಡಿ
ಜಲವಿದ್ಯುತ್ತಿನ 24 ಗ್ರಾಂನಲ್ಲಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಲ್ಲ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯೂ ಗ್ರಾಂನಲ್ಲಿ ಕಾಣುವುದಿಲ್ಲ. ಭೂಮಿ, ನೀರು, ಬೆಳ್ಳಿ, ಸೀಸ ಎಲ್ಲಕ್ಕೂ ಬೇರೆ ಬೇರೆ ಕಾಲಂ ಹಾಕಿ, ಒಂದರಲ್ಲಿ ಬೆರೆಸಬೇಡಿ. ಗುಜರಿಗೂ ಒಂದು ಕಾಲಂ ಇರಲಿ. 2022ರ ಇ-ತ್ಯಾಜ್ಯ ನಿಯಮಗಳು ಸೋಲಾರ್ ಪ್ಯಾನಲನ್ನೂ ಒಳಗೆ ತಂದಿವೆ. ಆದರೆ ನಮ್ಮ ತಾರಸಿಗಳ ಪ್ಯಾನಲ್‌ಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ಆ ವಯಸ್ಸಾಗಿಲ್ಲ. ಆ ಕಾಲಂ ಅನ್ನು ಸದ್ಯಕ್ಕೆ ಪೆನ್ಸಿಲ್‌ನಲ್ಲೇ ತುಂಬಿ.