ಹಳೆಯ ಕೋಡ್: ತಿದ್ದುವುದೋ, ಹೊಸದಾಗಿ ಬರೆಯುವುದೋ?

ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದ ಮೇಲೆ, ಕೆಡವಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂಬ ಚರ್ಚೆ ಮೈಸೂರಿನಲ್ಲಿ ವರ್ಷಗಟ್ಟಲೆ ನಡೆಯಿತು. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ತಂತ್ರಾಂಶ ನೋಡಿಕೊಳ್ಳುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಕಡತಗಳನ್ನು, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಬದಲಾಯಿಸುವ ಪ್ರಾಜೆಕ್ಟೊಂದು ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆ ಬಂತು ಎಂದುಕೊಳ್ಳಿ. ಹಲವರು ಹಲವು ಕಾಲದಲ್ಲಿ ಬರೆದ ಕೋಡ್ ಅದು. ಬಿಸಾಕಿ ಹೊಸದು ಬರೆಯೋಣ ಅನ್ನಿಸುವುದು ಸಹಜ. ಆದರೆ ಅಂದೇ ತೀರ್ಮಾನಿಸಬೇಡಿ.

ಹೆಜ್ಜೆ 1: ಅಸಹ್ಯವಾಗಿ ಕಾಣುವ ಸಾಲು ಯಾಕಿದೆ ಎಂದು ಪತ್ತೆ ಮಾಡಿ. ‘ಸೂರ್ಯ’ ಪದವನ್ನೇ ನೋಡಿ. ನುಡಿಯ ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆಯೇ ‘ಯ’ದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ‘ರ್’ ಮೊದಲು, ‘ಯ’ ಆಮೇಲೆ. ಹಾಗಾಗಿ ಅರ್ಕಾವೊತ್ತು ಸಿಕ್ಕ ಕೂಡಲೇ ಕೋಡ್ ಹಿಂದಕ್ಕೆ ಸರಿದು, ಒತ್ತು, ಗುಣಿತ ಎಲ್ಲವನ್ನೂ ದಾಟಿ ‘ರ್’ ಅನ್ನು ಅಕ್ಷರದ ಮುಂದೆ ಇಡಬೇಕು. ಗೊತ್ತಿಲ್ಲದವರಿಗೆ ಆ ಸಾಲುಗಳು ಸುಮ್ಮನೆ ಗೋಜಲು. ಹೊಸದಾಗಿ ಬರೆಯುವಾಗ ಮೊದಲು ಕಳೆದುಹೋಗುವುದೂ ಇಂಥವೇ. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನ ಇತಿಹಾಸ ತೆರೆದು, ಯಾರ ಯಾವ ದೂರಿಗೆ ಆ ಸಾಲು ಬಂತೆಂದು ಓದಿ.

ಹೆಜ್ಜೆ 2: ಟೆಸ್ಟ್ ಬರೆಯಿರಿ, ಅಂದರೆ ಕೋಡ್ ಸರಿಯಾದ ಫಲಿತಾಂಶ ಕೊಡುತ್ತದೆಯೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಂಗಳನ್ನು. ಅರ್ಕಾವೊತ್ತು, ಒತ್ತಕ್ಷರ, ನಡುವೆ ಇಂಗ್ಲಿಷ್ ಬೆರೆತ ಸಾಲು, ಅಂಕಿ, ಎಲ್ಲ ಇರಲಿ. ತಿದ್ದಿದರೂ ಹೊಸದು ಬರೆದರೂ ಇವು ಬೇಕೇ ಬೇಕು.

ಹೆಜ್ಜೆ 3: ಒಂದೇ ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ತಿದ್ದಿ ನೋಡಿ. ಟೆಸ್ಟ್ ಪಾಸಾದರೆ ಮುಂದಿನದಕ್ಕೆ ಹೋಗಿ. ಒಂದನ್ನು ಮುಟ್ಟಿದರೆ ಸಂಬಂಧವೇ ಇಲ್ಲದ ಕಡೆಯೆಲ್ಲ ಮುರಿಯುತ್ತಿದ್ದರೆ, ಅಥವಾ ನೆಚ್ಚಿಕೊಂಡ ಲೈಬ್ರರಿಯೇ (ಬೇರೆಯವರು ಬರೆದ ಸಿದ್ಧ ಕೋಡ್) ನಿಂತುಹೋಗಿದ್ದರೆ ಮಾತ್ರ ಹೊಸದಾಗಿ ಬರೆಯುವ ಮಾತೆತ್ತಿ. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ಹಳೆಯ ಆವೃತ್ತಿ ಪೈಥಾನ್ 2ಕ್ಕೆ 2020ರ ಜನವರಿ 1ರಂದು ಬೆಂಬಲ ನಿಂತಾಗಲೂ ಎಷ್ಟೋ ಪ್ರಾಜೆಕ್ಟ್‌ಗಳು ಇದ್ದ ಕೋಡನ್ನೇ ಪೈಥಾನ್ 3ಕ್ಕೆ ಒಗ್ಗಿಸಿಕೊಂಡವು.

ಪೂರ್ತಿ ಹೊಸದಕ್ಕೆ ತೆರಬೇಕಾದ ಬೆಲೆಗೆ ನೆಟ್‌ಸ್ಕೇಪ್ ಬ್ರೌಸರ್ ಉದಾಹರಣೆ. 1998ರಲ್ಲಿ ಕೋಡ್ ಬಹಿರಂಗಪಡಿಸಿ, ಅದೇ ವರ್ಷ ಹಳೆಯದನ್ನು ಬದಿಗಿಟ್ಟು, ವೆಬ್ ಪುಟ ತೋರಿಸುವ ಹೊಸ ಎಂಜಿನ್ ಮೇಲೆ ಕೆಲಸ ಶುರುವಾಯಿತು. ನೆಟ್‌ಸ್ಕೇಪ್ 6 ಬಂದದ್ದು 2000ದ ಕೊನೆಗೆ, ಅದೇ ಕೋಡಿನ ಮೊಜಿಲ್ಲಾ 1.0 ಬ್ರೌಸರ್ ಬಂದದ್ದು 2002ರಲ್ಲಿ. ಅಷ್ಟರಲ್ಲಿ ಬಳಕೆದಾರರು ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಡೆ ಹೋಗಿಬಿಟ್ಟಿದ್ದರು. ಆ ಎಂಜಿನ್‌ನಿಂದಲೇ ಮುಂದೆ ಫೈರ್‌ಫಾಕ್ಸ್ ಹುಟ್ಟಿತು, ನಿಜ. ಅಷ್ಟು ವರ್ಷ ಕಾಯುವ ಶಕ್ತಿ ಸಣ್ಣ ತಂಡಗಳಿಗಿರುವುದಿಲ್ಲ. 2010ರಲ್ಲಿ ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶದಿಂದ ಬೇರೆಯಾದ ಲಿಬ್ರೆಆಫೀಸ್ ತಂಡದ ದಾರಿಯೇ ನನಗೆ ಹೆಚ್ಚು ಹಿಡಿಸುತ್ತದೆ. ಅವರು ಬಳಕೆಯಾಗದ ಕೋಡ್ ಕಿತ್ತುಹಾಕಿದರು, ಕೋಡಿನೊಳಗಿನ ಜರ್ಮನ್ ಭಾಷೆಯ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತಂದರು. ಬೇಸರ ತರಿಸುವ ಕೆಲಸ, ಆದರೆ ಅದರಿಂದ ಹೊಸಬರಿಗೆ ಒಳಗೆ ಬರಲು ದಾರಿಯಾಯಿತು.

ಹೆಜ್ಜೆ 4: ಹೊಸದು ಬೇಕೇ ಬೇಕೆಂದರೆ ತುಂಡು ತುಂಡಾಗಿ ಬದಲಿಸಿ. 2017ರ ಫೈರ್‌ಫಾಕ್ಸ್ 57ರಲ್ಲಿ ಸಿಎಸ್‌ಎಸ್ (ಪುಟದ ವಿನ್ಯಾಸ ನಿರ್ಧರಿಸುವ) ಭಾಗವನ್ನಷ್ಟೇ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಕೂರಿಸಿದರು. ನಿಮ್ಮ ಪರಿವರ್ತಕದಲ್ಲೂ ಅಕ್ಷರ ಜೋಡಿಸುವ ಭಾಗ ಮೊದಲು ಹೊಸದಾಗಲಿ, ಕಡತ ಓದುವ ಭಾಗ ಹಾಗೇ ಇರಲಿ. ಹೊಸದು ಸಿದ್ಧವಾಗುವವರೆಗೆ ಹಳೆಯದಕ್ಕೆ ಬರುವ ದೂರುಗಳನ್ನು ಯಾರು ನೋಡುತ್ತಾರೆ ಎಂದು ಹೆಸರು ಹಿಡಿದು ಬರೆದಿಡಿ. ಆ ಜಾಗದಲ್ಲಿ ಬರೆಯಲು ಹೆಸರೇ ಸಿಗದಿದ್ದರೆ ತಿದ್ದುವ ಕೆಲಸವನ್ನೇ ಮುಂದುವರಿಸಿ.