ಶಿಕಾಗೋದಿಂದ ಬೆಂಗಳೂರಿಗೆ: ಫ್ರಾಂಕ್‌ಫರ್ಟ್ ಮೇಲೆ ಹೋಗೋದಾ, ಅಬುಧಾಬಿ ಮೇಲೆ ಹೋಗೋದಾ?

ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆಗೆ ಹೊಸದಾಗಿ ಬಂದ ನಮ್ಮವರು ಮೊದಲ ಸಲ ಊರಿಗೆ ಹೊರಡುವಾಗ ತಪ್ಪದೆ ಕೇಳುವ ಪ್ರಶ್ನೆ ಇದು. ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೇರ ವಿಮಾನ ಇಲ್ಲ. ಎಲ್ಲಾದರೂ ಒಂದು ಕಡೆ ಇಳಿದು ಹತ್ತಲೇಬೇಕು. ಲಂಡನ್, ಪ್ಯಾರಿಸ್, ದೋಹಾ, ದುಬೈ, ದೆಹಲಿ ಎಲ್ಲ ದಾರಿಗಳೂ ಇವೆ. ನಾನು ಇಲ್ಲಿ ಫ್ರಾಂಕ್‌ಫರ್ಟ್ ಮತ್ತು ಅಬುಧಾಬಿ ಎರಡನ್ನೇ ತೆಗೆದುಕೊಂಡಿದ್ದೇನೆ. ಇವೆರಡೂ ಒಂದಕ್ಕೊಂದು ಪೂರ್ತಿ ಬೇರೆ ಥರ. ಇವುಗಳ ವ್ಯತ್ಯಾಸ ಗೊತ್ತಾದರೆ ಉಳಿದ ಊರುಗಳ ವಿಚಾರದಲ್ಲೂ ಏನು ಕೇಳಬೇಕು ಅನ್ನೋದು ತಿಳಿಯುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟಿಕೆಟ್ ಬೆಲೆ ನೋಡುವ ಮೊದಲು ಪಾಸ್‌ಪೋರ್ಟ್ ತೆಗೆದು ವೀಸಾ ಪುಟ ನೋಡಿ. ಆಮೇಲೆ ಪ್ರಯಾಣ ಮಾಡುವವರು ಯಾರು ಅಂತ ಯೋಚಿಸಿ. ನೂರಿನ್ನೂರು ಡಾಲರ್ ವ್ಯತ್ಯಾಸ ಕೊನೆಗೆ ನೋಡಿದರೆ ಸಾಕು.

ವೀಸಾ ಪುಟ

ನಮ್ಮಲ್ಲಿ ತುಂಬಾ ಜನ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಓದಲು ಬಂದು, ಕೆಲಸ ಸಿಕ್ಕ ಮೇಲೆ ಇಲ್ಲೇ ಉದ್ಯೋಗದ ವರ್ಗವಾದ ಎಚ್-1ಬಿಗೆ ಬದಲಾದವರು. ಆ ಬದಲಾವಣೆಗೆ ಒಪ್ಪಿಗೆ ಸಿಕ್ಕಿದ ಪತ್ರ, ಐ-797, ಕೈಯಲ್ಲಿ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟ್ಯಾಂಪ್ ಮಾತ್ರ ಹಳೆಯ ಎಫ್-1ದು, ಅದರ ಅವಧಿ ಮುಗಿದುಹೋಗಿರುತ್ತದೆ. ಅಮೆರಿಕದೊಳಗೆ ಇರುವಷ್ಟು ದಿನ ಇದರಿಂದ ತೊಂದರೆ ಇಲ್ಲ. ಊರಿಗೆ ಹೋಗಿ ಸ್ಟ್ಯಾಂಪಿಂಗ್, ಅಂದರೆ ಪಾಸ್‌ಪೋರ್ಟ್‌ಗೆ ಹೊಸ ವೀಸಾ, ಮಾಡಿಸಿಕೊಂಡು ಬರೋಣ ಅಂತ ಹೊರಟಾಗ ಸಮಸ್ಯೆ ಶುರುವಾಗುತ್ತದೆ.

ಜರ್ಮನಿ ಭಾರತದ ಪಾಸ್‌ಪೋರ್ಟ್‌ನವರಿಂದ ವರ್ಷಗಳಿಂದ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಕೇಳುತ್ತಾ ಬಂದಿದೆ. ನಿಲ್ದಾಣದಿಂದ ಹೊರಗೆ ಕಾಲಿಡದೆ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವುದಕ್ಕೂ ಇದು ಬೇಕಿತ್ತು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ. ಐ-797 ಅನ್ನೋದು ವೀಸಾ ಅಲ್ಲ, ಬರೀ ಅನುಮೋದನೆಯ ಪತ್ರ. ಹಾಗಾಗಿ ಹಳೆಯ ಸ್ಟ್ಯಾಂಪ್ ಮತ್ತು ಐ-797 ಹಿಡಿದುಕೊಂಡು ಹೋದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಅದೂ ಫ್ರಾಂಕ್‌ಫರ್ಟ್‌ನಲ್ಲಲ್ಲ, ಓಹೇರ್‌ನ ಚೆಕ್-ಇನ್ ಕೌಂಟರ್‌ನಲ್ಲೇ. ಪೆಟ್ಟಿಗೆ ಕಟ್ಟಿ, ಸ್ನೇಹಿತರು ಕಾರಿನಲ್ಲಿ ಬಿಟ್ಟು ಹೋದ ಮೇಲೆ "ನಿಮ್ಮನ್ನು ಹತ್ತಿಸಲು ಆಗಲ್ಲ" ಅನ್ನಿಸಿಕೊಳ್ಳುವುದು ಯಾರಿಗೂ ಬೇಡ.

ಭಾರತೀಯರಿಗೆ ಈ ಟ್ರಾನ್ಸಿಟ್ ವೀಸಾ ಇಲ್ಲದ ಹಾಗೆ ಮಾಡುತ್ತೇವೆ ಅಂತ ಜರ್ಮನಿ 2026ರ ಜನವರಿಯಲ್ಲಿ ಘೋಷಿಸಿದೆ. ಒಳ್ಳೆಯ ಸುದ್ದಿ. ಆದರೂ ಸುದ್ದಿ ಓದಿ ಟಿಕೆಟ್ ತೆಗೆಯಬೇಡಿ. ನೀವು ಹೊರಡುವ ದಿನಕ್ಕೆ ನಿಯಮ ಏನಿದೆ ಅಂತ ಜರ್ಮನ್ ದೂತಾವಾಸದ ವೆಬ್‌ಸೈಟ್‌ನಲ್ಲಿ ನೋಡಿ. ಏರ್‌ಲೈನ್‌ನವರನ್ನೂ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಕೌಂಟರ್‌ನಲ್ಲಿ ನಿಂತ ಸಿಬ್ಬಂದಿಗೆ ತೋರಿಸಲು ಅದು ಬೇಕಾಗುತ್ತದೆ.

ಇನ್ನೊಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಶಿಕಾಗೋ–ಫ್ರಾಂಕ್‌ಫರ್ಟ್–ಮ್ಯೂನಿಕ್–ಬೆಂಗಳೂರು ಅಂತ ಎರಡು ಕಡೆ ನಿಲ್ಲುವ ಟಿಕೆಟ್ ಕೆಲವೊಮ್ಮೆ ಅಗ್ಗಕ್ಕೆ ಸಿಗುತ್ತದೆ. ಫ್ರಾಂಕ್‌ಫರ್ಟ್‌ನಿಂದ ಮ್ಯೂನಿಕ್‌ಗೆ ಹಾರುವುದು ಜರ್ಮನಿಯ ಒಳಗಿನ ಪ್ರಯಾಣ. ಅಂದರೆ ನೀವು ಷೆಂಗೆನ್ ಪ್ರದೇಶದೊಳಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಬಂದ ಹಾಗೆ. ಅದಕ್ಕೆ ಪೂರ್ತಿ ಷೆಂಗೆನ್ ವೀಸಾ ಬೇಕು, ಅಮೆರಿಕದ ವೀಸಾ ಇದ್ದರೂ ಸಾಲದು. ಪ್ಯಾರಿಸ್ ಮತ್ತು ಫ್ರಾಂಕ್‌ಫರ್ಟ್ ಜೋಡಿಗೂ ಇದೇ ಲೆಕ್ಕ. ಯುರೋಪ್ ಮೇಲೆ ಹೋದರೆ ಅಲ್ಲಿ ಒಂದೇ ನಿಲ್ದಾಣ ಇರಲಿ.

ಅಬುಧಾಬಿಯಲ್ಲಿ ಈ ತಲೆನೋವು ಇಲ್ಲ. ನಿಲ್ದಾಣದೊಳಗೇ ಇದ್ದು ವಿಮಾನ ಬದಲಾಯಿಸುವ ಭಾರತೀಯರಿಗೆ ಯಾವ ವೀಸಾನೂ ಬೇಕಿಲ್ಲ. ಸ್ಟ್ಯಾಂಪಿಂಗ್‌ಗೆ ಹೊರಟವರಿಗೆ ನಾನು ಸದಾ ಅಬುಧಾಬಿ ಅಥವಾ ಅದರಂಥ ಕೊಲ್ಲಿ ನಿಲ್ದಾಣವನ್ನೇ ಹೇಳುವುದು ಇದೇ ಕಾರಣಕ್ಕೆ.

ಅಬುಧಾಬಿಯಲ್ಲೇ ಅಮೆರಿಕದ ಇಮಿಗ್ರೇಷನ್

ಬೆಂಗಳೂರಿನಿಂದ ವಾಪಸ್ ಬರುವಾಗ ಅಬುಧಾಬಿಗೆ ಇರುವ ವಿಶೇಷ ಇದು. ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಅಧಿಕಾರಿಗಳು ಆ ನಿಲ್ದಾಣದಲ್ಲೇ ಕೂತಿರುತ್ತಾರೆ. 2014ರ ಜನವರಿಯಿಂದ ಈ ವ್ಯವಸ್ಥೆ ಇದೆ. ಇದಕ್ಕೆ ಪ್ರೀಕ್ಲಿಯರೆನ್ಸ್ ಅನ್ನುತ್ತಾರೆ. ದುಬೈಯಲ್ಲಿ ಇಲ್ಲ, ದೋಹಾದಲ್ಲಿ ಇಲ್ಲ, ಫ್ರಾಂಕ್‌ಫರ್ಟ್‌ನಲ್ಲೂ ಇಲ್ಲ. ವಿಮಾನ ಹತ್ತುವ ಮೊದಲೇ ಪ್ರಶ್ನೆ, ಬೆರಳಚ್ಚು, ಫೋಟೋ ಎಲ್ಲ ಮುಗಿದಿರುತ್ತದೆ. ಶಿಕಾಗೋದಲ್ಲಿ ಇಳಿದಾಗ ನೀವು ಡೆನ್ವರ್‌ನಿಂದಲೋ ಅಟ್ಲಾಂಟಾದಿಂದಲೋ ಬಂದವರ ಹಾಗೆ ಸೀದಾ ಬ್ಯಾಗಿನ ಬೆಲ್ಟ್ ಹತ್ತಿರ ಹೋಗಬಹುದು.

ಇದರ ಬೆಲೆ ಗೊತ್ತಾಗುವುದು ಶಿಕಾಗೋದಾಚೆ ಇರುವವರಿಗೆ. ಬ್ಲೂಮಿಂಗ್ಟನ್, ಪಿಯೋರಿಯಾ, ಮ್ಯಾಡಿಸನ್ ಕಡೆ ಕೆಲಸ ಮಾಡುವ ನಮ್ಮವರು ಸಾಕಷ್ಟಿದ್ದಾರೆ. ಫ್ರಾಂಕ್‌ಫರ್ಟ್‌ನಿಂದ ಬಂದರೆ ಓಹೇರ್‌ನ ಟರ್ಮಿನಲ್ 5ರಲ್ಲಿ ಇಮಿಗ್ರೇಷನ್ ಸಾಲು. ನಾಲ್ಕೈದು ದೊಡ್ಡ ವಿಮಾನ ಒಟ್ಟಿಗೆ ಇಳಿದ ಮಧ್ಯಾಹ್ನ ಆ ಸಾಲು ಮುಂದೆ ಹೋಗುವುದೇ ಇಲ್ಲ. ಆಮೇಲೆ ಬ್ಯಾಗು ತೆಗೆದುಕೊಳ್ಳಬೇಕು, ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು, ರೈಲಿನಲ್ಲಿ ಇನ್ನೊಂದು ಟರ್ಮಿನಲ್‌ಗೆ ಹೋಗಬೇಕು, ಅಲ್ಲಿ ಮತ್ತೆ ಸೆಕ್ಯೂರಿಟಿ. ಮುಂದಿನ ಚಿಕ್ಕ ವಿಮಾನ ತಪ್ಪುವುದು ಇಲ್ಲೇ. ಹೀಗೆ ಮುಂದಿನ ವಿಮಾನ ಇರುವವರು ಫ್ರಾಂಕ್‌ಫರ್ಟ್ ಕಡೆಯಿಂದ ಬಂದರೆ ಓಹೇರ್‌ನಲ್ಲಿ 3 ಗಂಟೆಗಿಂತ ಕಡಿಮೆ ಅಂತರ ಇಟ್ಟುಕೊಳ್ಳಬೇಡಿ.

ಆದರೆ ಪ್ರೀಕ್ಲಿಯರೆನ್ಸ್‌ಗೆ ಸಮಯ ಅಬುಧಾಬಿಯಲ್ಲಿ ಬೇಕು. ಅಲ್ಲಿ ಮತ್ತೊಂದು ಸೆಕ್ಯೂರಿಟಿ ತಪಾಸಣೆ ಇದೆ. ನಿಮ್ಮ ಚೆಕ್-ಇನ್ ಬ್ಯಾಗು ಬೆಂಗಳೂರಿನ ವಿಮಾನದಿಂದ ಇಳಿದು ವ್ಯವಸ್ಥೆಯಲ್ಲಿ ದಾಖಲಾಗುವ ತನಕ ಕಾಯಬೇಕಾಗಿಯೂ ಬರಬಹುದು. ಎರಡು ವಿಮಾನಗಳ ನಡುವೆ ಒಂದೂವರೆ ಗಂಟೆಯ ಲೇಓವರ್ ತೋರಿಸಿದರೆ ಬಿಟ್ಟುಬಿಡಿ. 3ರಿಂದ 4 ಗಂಟೆ ಇರಲಿ. ಐ-797, ವಿದ್ಯಾರ್ಥಿಗಳಾದರೆ ಕಾಲೇಜು ಕೊಡುವ ಐ-20, ಕಂಪನಿಯ ಪತ್ರ, ಸಂಬಳದ ಚೀಟಿ, ಇವೆಲ್ಲ ಕೈಚೀಲದಲ್ಲೇ ಇರಬೇಕು. ಚೆಕ್-ಇನ್ ಬ್ಯಾಗಿಗೆ ಹಾಕಿದರೆ ಅಧಿಕಾರಿ ಕೇಳಿದಾಗ ಕೈಗೆ ಸಿಗುವುದಿಲ್ಲ. ಒಳಗೆ ಹೋದ ಮೇಲೆ ಅಂಗಡಿಗಳ ಕಡೆ ವಾಪಸ್ ಬರಲು ಆಗುವುದಿಲ್ಲ, ಊಟ ತಿಂಡಿ ಮೊದಲೇ ಮುಗಿಸಿಕೊಳ್ಳಿ.

ಊರಿಗೆ ಹೋಗುವಾಗ ಇದರಿಂದ ಏನೂ ಲಾಭ ಇಲ್ಲ ಅನ್ನೋದು ನೆನಪಿರಲಿ. ಬರುವ ದಿಕ್ಕಿಗೆ ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಕ್ಕಳು, ಅಪ್ಪ-ಅಮ್ಮ

ಪ್ರಯಾಣದ ಸಮಯ ಹೇಗೆ ಹಂಚಿಕೊಳ್ಳುತ್ತದೆ ಅನ್ನೋದನ್ನು ತುಂಬಾ ಜನ ನೋಡುವುದೇ ಇಲ್ಲ. ಫ್ರಾಂಕ್‌ಫರ್ಟ್ ದಾರಿ ಸುಮಾರು ಅರ್ಧಕ್ಕೆ ಮುರಿದ ಹಾಗೆ. ಶಿಕಾಗೋದಿಂದ ಅಲ್ಲಿಗೆ 8–9 ಗಂಟೆ, ಅಲ್ಲಿಂದ ಬೆಂಗಳೂರಿಗೆ 9 ಗಂಟೆಯ ಆಸುಪಾಸು. ಅಬುಧಾಬಿ ದಾರಿಯಲ್ಲಿ ಒಂದು ಹಾರಾಟ 13ರಿಂದ 15 ಗಂಟೆ, ಇನ್ನೊಂದು ಬರೀ 4 ಗಂಟೆ. ಒಟ್ಟು ಗಂಟೆ ಹೆಚ್ಚುಕಡಿಮೆ ಒಂದೇ, ಮೈಗೆ ಆಗುವ ಅನುಭವ ಮಾತ್ರ ಒಂದೇ ಅಲ್ಲ.

ಎರಡು ಮೂರು ವರ್ಷದ ಮಗು ಜೊತೆಗಿದ್ದರೆ ನಾನು ಫ್ರಾಂಕ್‌ಫರ್ಟ್ ಅನ್ನುತ್ತೇನೆ, ವೀಸಾ ಸರಿಯಿದ್ದರೆ. ಒಂಬತ್ತು ಗಂಟೆ ಆದ ಮೇಲೆ ಮಗು ನೆಲದ ಮೇಲೆ ಓಡಾಡುತ್ತದೆ, ನಿಮಗೂ ಸೊಂಟ ನೆಟ್ಟಗಾಗುತ್ತದೆ. ಹದಿನೈದು ಗಂಟೆ ಮಗುವನ್ನು ಸೀಟಿನಲ್ಲಿ ಕೂರಿಸುವುದು ಸುಲಭ ಅಲ್ಲ. ಬೆಂಗಳೂರಿನಿಂದ ಬಂದವರಿಗೆ ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ಸೆಕ್ಯೂರಿಟಿ ತಪಾಸಣೆ ಇರುತ್ತದೆ. ಗೇಟಿನಿಂದ ಗೇಟಿಗೆ ನಡೆಯುವ ದೂರವೂ ಜಾಸ್ತಿ. ಒಂದು ಗಂಟೆಯ ಕನೆಕ್ಷನ್ ಟಿಕೆಟ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಸ್ಟ್ರೋಲರ್ ತಳ್ಳಿಕೊಂಡು ಓಡುವಾಗ ಅಲ್ಲ. ಎರಡೂವರೆ ಗಂಟೆ ಇದ್ದರೆ ನೆಮ್ಮದಿ.

ಅಪ್ಪ-ಅಮ್ಮ ಮೊದಲ ಸಲ ಇಬ್ಬರೇ ಬರುತ್ತಿದ್ದರೆ ನನ್ನ ಮತ ಅಬುಧಾಬಿಗೆ. ಬಿ1/ಬಿ2 ಸಂದರ್ಶಕ ವೀಸಾ ಹೊಸದಾಗಿ ಸಿಕ್ಕಿರುವುದರಿಂದ ಫ್ರಾಂಕ್‌ಫರ್ಟ್ ಕೂಡ ಅವರನ್ನು ತಡೆಯುವುದಿಲ್ಲ, ನಿಜ. ಆದರೆ ಅಬುಧಾಬಿ ನಿಲ್ದಾಣದಲ್ಲಿ ಕೆಲಸ ಮಾಡುವವರಲ್ಲಿ ನಮ್ಮ ದೇಶದವರು ತುಂಬಾ ಜನ ಇದ್ದಾರೆ. ಹಿಂದಿ ಬಂದರೆ ಸಾಕು, ದಾರಿ ಕೇಳಬಹುದು. ಕನ್ನಡ ಬಿಟ್ಟು ಬೇರೇನೂ ಬಾರದ ಅಮ್ಮನಿಗೂ ಅಲ್ಲಿನ ಮುಖಗಳು ಅಪರಿಚಿತ ಅನ್ನಿಸುವುದಿಲ್ಲ. 2023ರ ನವೆಂಬರ್‌ನಲ್ಲಿ ಶುರುವಾದ ಹೊಸ ಟರ್ಮಿನಲ್ ಎ ಒಂದೇ ಕಟ್ಟಡ. ಬಸ್ಸು, ರೈಲು ಹಿಡಿದು ಟರ್ಮಿನಲ್ ಬದಲಾಯಿಸುವ ಗೊಂದಲ ಇಲ್ಲ.

ಒಂದೇ ಕಷ್ಟ ಆ ಉದ್ದದ ಹಾರಾಟ. ಮಂಡಿ ನೋವು, ಸಕ್ಕರೆ ಕಾಯಿಲೆ ಇದ್ದವರು ಹೊರಡುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಓಡಾಡುವ ದಾರಿಯ ಪಕ್ಕದ ಸೀಟನ್ನೇ ಹಿಡಿಯಿರಿ. ಗಂಟೆಗೊಮ್ಮೆ ಎದ್ದು ನಡೆಯಲು ಹೇಳಿ. ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹಾಕಿಸಿ. "ನಡೆಯೋಕೆ ಆಗುತ್ತಪ್ಪ, ಯಾಕೆ ಸುಮ್ನೆ" ಅಂತ ಅಪ್ಪ ಅಂದರೂ ಬಿಡಬೇಡಿ. ವೀಲ್‌ಚೇರ್ ಜೊತೆಗೆ ದಾರಿ ಗೊತ್ತಿರುವ ಒಬ್ಬ ಮನುಷ್ಯ ಬರುತ್ತಾನೆ, ಅದೇ ಮುಖ್ಯ. ಸಸ್ಯಾಹಾರದ ಊಟವನ್ನೂ ಮೊದಲೇ ಹೇಳಿಡಿ, ವಿಮಾನದಲ್ಲಿ ಕೇಳಿದರೆ ಸಿಗದೇ ಹೋಗಬಹುದು. ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್, ಎಷ್ಟು ದಿನ ಇರುತ್ತಾರೆ, ಯಾವಾಗ ವಾಪಸ್ ಅನ್ನೋದನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಿ. ಅಧಿಕಾರಿ ಕೇಳಿದಾಗ ಅದನ್ನು ತೋರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಬ್ಯಾಗಿನಲ್ಲಿ ಗಸಗಸೆ ಬೇಡ

ಇದನ್ನು ಅಮ್ಮಂದಿರಿಗೆ ಫೋನ್ ಮಾಡಿಯೇ ಹೇಳಿ. ಯುಎಇಯಲ್ಲಿ ಗಸಗಸೆ ನಿಷೇಧ. ನಮಗೆ ಅದು ಹಬ್ಬದ ಪಾಯಸ, ಅಲ್ಲಿನ ಕಾನೂನಿಗೆ ಅದು ಮಾದಕ ವಸ್ತುವಿನ ಸಾಲಿಗೆ ಸೇರಿದ್ದು. ಸುಮ್ಮನೆ ಹಾದುಹೋಗುವವರು ಅಂತ ಬಿಡುತ್ತಾರೆ ಎಂದುಕೊಳ್ಳಬೇಡಿ. ಅಬುಧಾಬಿ, ದುಬೈ ಮೇಲೆ ಬರುವುದಾದರೆ ಮಸಾಲೆ ಪುಡಿಯಲ್ಲೂ ಅದು ಇರಬಾರದು. ಕೊಡೈನ್, ಟ್ರಾಮಡಾಲ್ ಇರುವ ನೋವಿನ ಮಾತ್ರೆಗಳಿಗೂ ಅಲ್ಲಿ ಬಿಗಿ ನಿಯಮ ಇದೆ. ಔಷಧಿಗಳನ್ನು ಅವುಗಳ ಪೊಟ್ಟಣದಲ್ಲೇ, ಡಾಕ್ಟರ ಚೀಟಿ ಜೊತೆಗೇ ಇಡಬೇಕು.

ಹಸಿ ಕರಿಬೇವಿನ ಸೊಪ್ಪನ್ನು ಅಮೆರಿಕ ಯಾವ ದಾರಿಯಿಂದ ಬಂದರೂ ಬಿಡುವುದಿಲ್ಲ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ. ಒಣ ಕೊಬ್ಬರಿಯನ್ನು ವಿಮಾನದವರೇ ಬೇಡ ಅನ್ನುತ್ತಾರೆ, ಎಣ್ಣೆಯಂಶ ಇರುವುದರಿಂದ ಬೆಂಕಿ ಹತ್ತುವ ವಸ್ತು ಅಂತ ಲೆಕ್ಕ. ಚಟ್ನಿಪುಡಿಗೆ ಹಾಕಿದ್ದು ಬೇರೆ, ಗಿಟಕು ಗಿಟಕಾಗಿ ತುಂಬಿಸುವುದು ಬೇರೆ.

ವಿಮಾನ ತಪ್ಪಿದರೆ

ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಬೇಕು. ಇದರಲ್ಲಿ ರಾಜಿ ಬೇಡ. ಬೇರೆ ಬೇರೆ ಟಿಕೆಟ್ ತೆಗೆದು ಮೊದಲನೆಯದು ತಡವಾದರೆ ಎರಡನೆಯವರಿಗೆ ನಿಮ್ಮ ಹೊಣೆ ಇಲ್ಲ. ಜೊತೆಗೆ ಬ್ಯಾಗು ತೆಗೆದುಕೊಳ್ಳಲು ಹೊರಗೆ ಹೋಗಬೇಕಾಗುತ್ತದೆ, ಫ್ರಾಂಕ್‌ಫರ್ಟ್‌ನಲ್ಲಿ ಅದಕ್ಕೆ ಷೆಂಗೆನ್ ವೀಸಾ ಬೇಕು.

ರಾತ್ರಿ ಉಳಿಯುವ ಪರಿಸ್ಥಿತಿ ಬಂದರೂ ಇದೇ ತೊಡಕು. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಹಾರಾಟಕ್ಕೆ ನಿರ್ಬಂಧ ಇದೆ. ಸಂಜೆಯ ವಿಮಾನ ತೀರಾ ತಡವಾದರೆ ಮರುದಿನವೇ. ಷೆಂಗೆನ್ ವೀಸಾ ಇಲ್ಲದವರಿಗೆ ಊರಿನ ಹೋಟೆಲ್‌ಗೆ ಹೋಗುವುದು ಕಷ್ಟ, ನಿಲ್ದಾಣದೊಳಗೇ ರಾತ್ರಿ ಕಳೆಯಬೇಕಾದೀತು. ಅಬುಧಾಬಿಯಲ್ಲಿ, ಚಾಲ್ತಿಯ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇರುವ ಭಾರತೀಯರಿಗೆ ಅಲ್ಲೇ ವೀಸಾ ಕೊಡುವ ವ್ಯವಸ್ಥೆ ಇದೆ. ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳ ಅವಧಿ ಇರಬೇಕು.

ಮುಷ್ಕರ ಜರ್ಮನಿಯ ದಾರಿಯಲ್ಲಿರುವ ಅಪಾಯ. 2025ರ ಮಾರ್ಚ್ 10ರಂದು ಫ್ರಾಂಕ್‌ಫರ್ಟ್ ಸೇರಿ 13 ನಿಲ್ದಾಣಗಳಲ್ಲಿ ಒಂದೇ ದಿನ ಕೆಲಸ ನಿಂತಿತ್ತು. ಕೊಲ್ಲಿಯ ದಾರಿಗೆ ಯುದ್ಧದ ಭಯ. 2025ರ ಜೂನ್ 23ರಂದು ಕತಾರ್ ತನ್ನ ಆಕಾಶವನ್ನೇ ಮುಚ್ಚಿದಾಗ ಎಷ್ಟೋ ವಿಮಾನಗಳು ಅರ್ಧ ದಾರಿಯಿಂದ ತಿರುಗಿದವು. ಆ ಭಾಗದಲ್ಲಿ ಬಿಗುವಿನ ಸುದ್ದಿ ಇರುವ ವಾರಗಳಲ್ಲಿ, ಅದರಲ್ಲೂ ವಯಸ್ಸಾದವರು ಒಬ್ಬರೇ ಬರುವುದಿದ್ದರೆ, ನಾನು ಮೇಲೆ ಹೇಳಿದ್ದನ್ನೆಲ್ಲ ಬದಿಗಿಟ್ಟು ಯುರೋಪ್ ದಾರಿ ಹಿಡಿಯಿರಿ ಅನ್ನುತ್ತೇನೆ. ಜನವರಿ, ಫೆಬ್ರವರಿಯಲ್ಲಿ ಹೊರಡುವವರು ಶಿಕಾಗೋದ ಹಿಮವನ್ನೂ ಲೆಕ್ಕಕ್ಕೆ ಹಿಡಿದು ಕನೆಕ್ಷನ್‌ಗೆ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಯಾವ ದಾರಿಯಿಂದ ಬಂದರೂ ಮನೆ ತಲುಪಿದ ದಿನವೇ ಐ-94, ಅಂದರೆ ಅಮೆರಿಕದೊಳಗೆ ಬಂದದ್ದರ ದಾಖಲೆ, ತೆಗೆದು ನೋಡಿ. ಅಮೆರಿಕದ ಗಡಿ ಮತ್ತು ಕಸ್ಟಮ್ಸ್ ಇಲಾಖೆಯಾದ ಸಿಬಿಪಿಯ ವೆಬ್‌ಸೈಟ್‌ನಲ್ಲಿ ಹಣ ಕೊಡದೆ ಸಿಗುತ್ತದೆ. ಹೆಸರು, ವೀಸಾ ವರ್ಗ, ಎಲ್ಲಿಯವರೆಗೆ ಇರಬಹುದು ಅನ್ನುವ ತಾರೀಖು, ಮೂರನ್ನೂ ಪರೀಕ್ಷಿಸಿ. ಅಪ್ಪ-ಅಮ್ಮನದನ್ನು ನೀವೇ ನೋಡಬೇಕು. ಏನಾದರೂ ತಪ್ಪಿದ್ದರೆ ಇಂಥ ತಪ್ಪುಗಳನ್ನು ತಿದ್ದುವ ಸಿಬಿಪಿಯ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯನ್ನು ಆ ವಾರದಲ್ಲೇ ಸಂಪರ್ಕಿಸಿ.