ಶಿರಾ, ಶಿರಸಿ ಮತ್ತು ನನ್ನ ಬೇಸಿಗೆಯ ಇಂಟರ್ನ್‌ಶಿಪ್

ಇಂಜಿನಿಯರಿಂಗ್ ಮೂರನೇ ವರ್ಷ ಮುಗಿದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಟೆಕ್ ಕಂಪನಿಗೆ ಡೇಟಾ ಇಂಟರ್ನ್ ಆಗಿ ಸೇರಿದೆ. ಪಾರ್ಸೆಲ್ ಸಾಗಿಸುವವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅದು. ಕರ್ನಾಟಕದ ವಿಳಾಸಗಳಲ್ಲಿ ಒಂದೇ ಊರಿನ ಹೆಸರು ಹತ್ತಾರು ರೀತಿ ಬಂದಿತ್ತು. ಅದನ್ನೆಲ್ಲ ಒಂದೇ ರೂಪಕ್ಕೆ ತರುವುದು ನನ್ನ ಕೆಲಸ. ಡೇಟಾ ನೋಡಿ ತಾನೇ ಕಲಿಯುವ ಮಷಿನ್ ಲರ್ನಿಂಗ್ ಮಾಡೆಲ್ ಕಟ್ಟುವ ಆಸೆಯಲ್ಲಿ ಹೋಗಿದ್ದೆ. ಆದರೆ ಈ ಕೆಲಸ ಶುರುವಾದ ಮೇಲೆ ಅದರ ನೆನಪೇ ಬರಲಿಲ್ಲ.

ಗ್ರಾಹಕರ ಹೆಸರು, ಫೋನ್ ನಂಬರ್ ನನಗೆ ಕಾಣದಂತೆ ಮರೆಮಾಡಿದ್ದರು. ಹಾಗೇ ಇರಬೇಕು ಕೂಡ. ಉಳಿದಿದ್ದು ವಿಳಾಸ, ಊರು, ಪಿನ್‌ಕೋಡ್. ಮೊದಲು ಡೇಟಾಬೇಸ್‌ನಿಂದ ಬೇಕಾದ್ದನ್ನು ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಒಂದು ಸಣ್ಣ ಪ್ರಶ್ನೆ ಬರೆದು, ಊರಿನ ಹೆಸರುಗಳನ್ನು ಗುಂಪು ಮಾಡಿ ಎಣಿಸಿದೆ. 2014ರ ನವೆಂಬರ್ 1ರಂದು ನಮ್ಮ 12 ನಗರಗಳ ಹೆಸರು ಬದಲಾಯಿತಲ್ಲ, ಆ ಹಳೆಯ ಹೆಸರುಗಳೂ ಹೊಸ ಹೆಸರುಗಳೂ ಎರಡೂ ಇದ್ದವು. ಜೊತೆಗೆ ತಪ್ಪು ಸ್ಪೆಲಿಂಗ್‌ಗಳು. ಕೆಲವರಂತೂ ಊರಿನ ಜಾಗದಲ್ಲಿ ‘ಬಸ್ ಸ್ಟ್ಯಾಂಡ್ ಹತ್ರ’ ಎಂದಷ್ಟೇ ಬರೆದಿದ್ದರು.

ಇಂಥ ಕಡೆ ಎಲ್ಲರೂ ಮೊದಲು ನೆನೆಯುವುದು ಲೆವೆನ್‌ಶ್ಟೈನ್ ಲೆಕ್ಕವನ್ನು. ಒಂದು ಹೆಸರು ಇನ್ನೊಂದಾಗಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಅದು ಎಣಿಸುತ್ತದೆ. ಸ್ಪೆಲಿಂಗ್ ತಪ್ಪಿಗೆ ಚೆನ್ನಾಗಿದೆ. ಆದರೆ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಗುಲ್ಬರ್ಗ ಕಲಬುರಗಿ ಆಗಲು 6 ಬದಲಾವಣೆ ಬೇಕು, ಶಿರಸಿ ಶಿರಾ ಆಗಲು 2 ಸಾಕು! ಮೊದಲ ಜೋಡಿ ಒಂದೇ ಊರು. ಎರಡನೆಯದರಲ್ಲಿ ಒಂದು ಉತ್ತರ ಕನ್ನಡದ್ದು, ಇನ್ನೊಂದು ತುಮಕೂರು ಜಿಲ್ಲೆಯದು. ಈ ಲೆಕ್ಕವನ್ನೇ ನಂಬಿ ಹೋದರೆ ಮಲೆನಾಡಿನ ಪಾರ್ಸೆಲ್ ಬಯಲುಸೀಮೆಗೆ ಹೋಗುತ್ತದೆ.

ಹಾಗಾಗಿ ಪಿನ್‌ಕೋಡ್ ಹಿಡಿದೆ. 1972ರಿಂದ ಇರುವ ಈ ಆರು ಅಂಕಿಗಳಲ್ಲಿ ಮೊದಲ ಮೂರು ಅಂಚೆಯ ವಿಂಗಡಣಾ ಜಿಲ್ಲೆಯನ್ನು ಹೇಳುತ್ತವೆ, ಕೊನೆಯ ಮೂರು ಅಂಚೆ ಕಚೇರಿಯನ್ನು. ಶಿರಾ 572, ಶಿರಸಿ 581. ಹೆಸರು ಮತ್ತು ಪಿನ್ ಎರಡೂ ಒಪ್ಪಿದರೆ ಮಾತ್ರ ಬದಲಾಯಿಸು ಎಂದು ನಿಯಮ ಬರೆದೆ. ಹಳೆಯ ಬಿಜಾಪುರವನ್ನು ವಿಜಯಪುರ ಮಾಡುವಾಗಲೂ ಇದೇ ಕೈ ಹಿಡಿಯಿತು. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ, ಅದರ ಪಿನ್ 562ರಿಂದ ಶುರು. ಉತ್ತರದ್ದು 586. ಛತ್ತೀಸ್‌ಗಢದಲ್ಲಿ ಇನ್ನೊಂದು ಬಿಜಾಪುರ ಬೇರೆ!

ಆದರೂ ಕೆಲವು ಸಾಲುಗಳಲ್ಲಿ ಹಳ್ಳಿಯ ಹೆಸರು ಸರಿ, ಪಿನ್ ಮಾತ್ರ ಬೇರೆ ಊರಿನದು. ಕಾರಣ ಸ್ಕ್ರೀನ್ ನೋಡಿದರೆ ತಿಳಿಯುವಂತಿರಲಿಲ್ಲ. ಮೆಂಟರ್ ಹತ್ತಿರ ಅನುಮತಿ ಕೇಳಿ ಪಾರ್ಸೆಲ್ ವಿಂಗಡಿಸುವ ಹಬ್‌ಗೆ ಹೋದೆ. ಅಲ್ಲಿನ ಹಿರಿಯರೊಬ್ಬರು ಕೈಯಲ್ಲಿದ್ದ ಡಬ್ಬಿ ಇಳಿಸದೆಯೇ ಹೇಳಿದರು: “ಹಳ್ಳಿಯವರಿಗೆ ತಮ್ಮ ಪಿನ್ ಗೊತ್ತಿರಲ್ಲ ಸಾರ್. ಗೊತ್ತಿರೋ ತಾಲ್ಲೂಕಿನ ಪಿನ್ ಹಾಕ್ತಾರೆ. ನಾವು ಹೆಸರು ನೋಡಿ ಕಳಿಸ್ತೀವಿ.” ಆ ಒಂದು ಮಾತಿನಿಂದ ನನ್ನ ನಿಯಮಗಳ ಅರ್ಧ ಭಾಗ ಬದಲಾಯಿತು. ಡೇಟಾ ಕೆಲಸ ಮಾಡುವವರು ಆ ಡೇಟಾ ಎಲ್ಲಿ ಹುಟ್ಟುತ್ತದೋ ಅಲ್ಲಿಗೆ ಹೋಗಲೇಬೇಕು ಎಂದು ನಾನು ಬಲವಾಗಿ ನಂಬುವುದು ಇದಕ್ಕೇ.

ಕೊನೆಗೆ ಸಾಲುಗಳನ್ನು ಮೂರು ಪಾಲು ಮಾಡಿದೆ. ಖಚಿತವಾದವು ತಾನಾಗಿ ಬದಲಾಗುತ್ತವೆ. ಅನುಮಾನ ಇದ್ದವು ಮನುಷ್ಯರ ಕಣ್ಣಿಗೆ ಹೋಗುತ್ತವೆ. ಏನೂ ತಿಳಿಯದವನ್ನು ಮುಟ್ಟುವುದಿಲ್ಲ. ಮೂಲ ಕಾಲಂ ಹಾಗೇ ಇಟ್ಟು, ಸರಿಮಾಡಿದ್ದನ್ನು ಹೊಸ ಕಾಲಂಗೆ ಹಾಕಿದೆ. ಒಂದಷ್ಟು ಸಾಲುಗಳಿಗೆ ಕೈಯಾರೆ ಸರಿ ಉತ್ತರ ಬರೆದಿಟ್ಟು, ನಿಯಮ ಬದಲಾದಾಗಲೆಲ್ಲ ಅದರ ಜೊತೆ ಹೋಲಿಸಿ ನೋಡುತ್ತಿದ್ದೆ. ನಾನು ಜಾಸ್ತಿ ಹೆದರಿದ್ದು ತಪ್ಪು ಬದಲಾವಣೆಗೆ. ಬದಲಾಗದೆ ಉಳಿದ ಹೆಸರನ್ನು ಹಬ್‌ನವರು ಓದಿ ಕಳಿಸುತ್ತಾರೆ. ತಪ್ಪಾಗಿ ಬದಲಾದದ್ದು ನೋಡೋಕೆ ಸರಿಯಾಗೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ?

ಹೊರಡುವ ಮುಂಚೆ ಪ್ರತಿ ನಿಯಮದ ಪಕ್ಕದಲ್ಲಿ ಅದು ಯಾಕೆ ಬಂತು ಎಂದು ಒಂದೊಂದು ಸಾಲು ಬರೆದಿಟ್ಟೆ. ಅನುಮಾನದ ಪಟ್ಟಿಯನ್ನು ಈಗ ಹಬ್‌ನವರೇ ನೋಡಿ ತುಂಬುತ್ತಿದ್ದಾರೆ.